ಸ್ಮಾರ್ಟ್ ಕ್ಲಾಸಿನ ಕೀಲಿಕೈ

ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗೋದು ಒಂದೇ ಕಡೆ. ನೀರಿನ ಟಾಕಿ ಪಕ್ಕದ ಬೇವಿನ ಗಿಡದ ಕೆಳಗೆ. ಅದೂ ಟಾಕಿಗೆ ಬೆನ್ನು ಕೊಟ್ಟು, ಎಡಗೈ ಸ್ವಲ್ಪ ಎತ್ತಿ ನಿಂತರೆ ಮಾತ್ರ. ಹೋದ ವಾರ ಮೂರು ದಿನ ನಾನು ಅಲ್ಲೇ ಇದ್ದೆ. 'ತರಗತಿಯಲ್ಲಿ ತಂತ್ರಜ್ಞಾನದ ಬಳಕೆ' ಅನ್ನೋ ಆನ್‌ಲೈನ್ ಕೋರ್ಸ್ ಮುಗಿಸಬೇಕಿತ್ತು. ತರಗತಿ ಒಳಗಿತ್ತು, ತಂತ್ರಜ್ಞಾನ ಗಿಡದ ಕೆಳಗಿತ್ತು. ಎರಡೂ ಕಡೆ ಇರೋಕೆ ನಾನೇನು ದೇವರೇ?

ಒಳಗೆ ಏಳನೇ ತರಗತಿಯ ಮಾನಿಟರ್ ಬೆತ್ತ ಹಿಡಿದು ನಿಂತಿದ್ದ. "ಸರ ಟ್ರೇನಿಂಗ್ ಮಾಡಾಕತ್ಯಾರ, ಗಲಾಟಿ ಮಾಡಬ್ಯಾಡ್ರಿ" ಅಂತ ಕೂಗುತ್ತಿದ್ದ. ಅವನ ಕೂಗೇ ಎಲ್ಲಕ್ಕಿಂತ ದೊಡ್ಡ ಗಲಾಟೆ. ಫೋನಿನಲ್ಲಿ ಇಸ್ತ್ರಿ ಸೀರೆಯ ಮೇಡಂ ಒಬ್ಬರು, ಹಿಂದೆ ಬಿಳಿ ಗೋಡೆ, ಮುಖದಲ್ಲಿ ಒಂದು ಹನಿ ಬೆವರಿಲ್ಲ. "ಮಕ್ಕಳನ್ನು ತರಗತಿಯಲ್ಲಿ ಸುಮ್ಮನೆ ಕೂರಿಸಬೇಡಿ, ಅವರ ಜೊತೆ ಮಾತಾಡಿ" ಅನ್ನುತ್ತಿದ್ದರು. ನನಗೂ ಹೌದಲ್ವಾ ಅನ್ನಿಸಿತು. ಅಷ್ಟರಲ್ಲಿ ಚಕ್ರ ತಿರುಗೋಕೆ ಶುರುವಾಯಿತು. ರಾಯಚೂರಿನ ಬಿಸಿಲಿಗೆ ಫೋನೂ ಕಾದು ಹೆಂಚಾಗಿತ್ತು. ಬಿಸಿ ಇಳಿಯಲಿ ಅಂತ ಕುಡಿಯೋ ನೀರಿನ ಮಡಕೆಗೆ ಆನಿಸಿ ಇಟ್ಟೆ.

ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದಿತ್ತು. "ಅತೀ ತುರ್ತು. ಇಂದು ಸಂಜೆ 5 ಗಂಟೆಯೊಳಗೆ ಎಲ್ಲಾ ಶಿಕ್ಷಕರು ಕೋರ್ಸ್ ಪೂರ್ಣಗೊಳಿಸತಕ್ಕದ್ದು. ತಪ್ಪಿದಲ್ಲಿ ತಾವೇ ನೇರ ಹೊಣೆ." ನಮ್ಮ ಗ್ರೂಪಿನಲ್ಲಿ ಬರೀ ತುರ್ತು ಅಂತ ಬಂದರೆ ಯಾರೂ ಓದುವುದಿಲ್ಲ. ಅತೀ ತುರ್ತು ಬಂದರೆ ಹೆಬ್ಬೆರಳು ಒತ್ತುತ್ತೇವೆ.

ಆನ್‌ಲೈನ್ ಕಲಿಕೆಯನ್ನೇ ಹಳಿಯುತ್ತಿದ್ದೇನೆ ಅಂದುಕೊಳ್ಳಬೇಡಿ. 2017ರಲ್ಲಿ ದೀಕ್ಷಾ ಅನ್ನೋ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆ ಬಂತು. 2019ರಲ್ಲಿ ನಿಷ್ಠಾ ಅನ್ನೋ ಶಿಕ್ಷಕರ ತರಬೇತಿ ಯೋಜನೆ ಬಂತು, ದೇಶದ 42 ಲಕ್ಷ ಶಿಕ್ಷಕರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡು. ಮೊದಲು ಎದುರುಬದುರು ಕೂತು ನಡೆಯಿತು. ಕೊರೊನಾ ಬಂದ ಮೇಲೆ 2020ರ ಅಕ್ಟೋಬರಿನಲ್ಲಿ ಅದೇ 18 ಮಾಡ್ಯೂಲ್ ಆಗಿ ಫೋನಿಗೆ ಇಳಿಯಿತು. ಶಾಲೆಗೆ ಬೀಗ ಬಿದ್ದ ಕಾಲ, ಬೇರೆ ದಾರಿ ಇರಲಿಲ್ಲ. ಆ ಕೊರೊನಾ ಹೋಯಿತು, ಫೋನು ಹೋಗಲಿಲ್ಲ. ನಾನು ಹೇಳುತ್ತಿರೋ ಕೋರ್ಸ್ ಬೇರೆ, ಅದರ ಹೆಸರು ಬೇಡ ಬಿಡಿ. ಇನ್ಕ್ರಿಮೆಂಟ್ ಹತ್ತಿರ ಇದೆ.

ಮೊದಲು ತರಬೇತಿ ಅಂದರೆ ತಾಲೂಕಿನ ಹಾಲ್, ಕಬ್ಬಿಣದ ಕುರ್ಚಿ, ಹನ್ನೊಂದಕ್ಕೆ ಉಪ್ಪಿಟ್ಟು. ಭಾಷಣದಲ್ಲಿ ಅರ್ಧ ನಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಊಟದ ಹೊತ್ತಿಗೆ ಬುತ್ತಿ ಬಿಚ್ಚಿದಾಗ ಕಲಿಕೆ ಶುರುವಾಗುತ್ತಿತ್ತು. "ಭಿನ್ನರಾಶಿ ಮಕ್ಕಳ ತಲಿಗೆ ಹತ್ತವಲ್ದು ನೋಡ್ರಿ" ಅಂದೆ ಒಮ್ಮೆ. ದೇವದುರ್ಗದ ಕಡೆಯ ಮೇಷ್ಟ್ರು ಮಾತೇ ಆಡಲಿಲ್ಲ. ತಮ್ಮ ಬುತ್ತಿಯ ಜೋಳದ ರೊಟ್ಟಿ ತೆಗೆದು ಎರಡು ಮಾಡಿದರು, ನಾಲ್ಕು ಮಾಡಿದರು, ಎಂಟು ಮಾಡಿದರು. ಎಂಟರಲ್ಲಿ ಎರಡು ಚೂರು ಒಂದು ಕೈಯಲ್ಲಿ, ಇನ್ನೊಂದು ರೊಟ್ಟಿಯ ಕಾಲು ಭಾಗ ಇನ್ನೊಂದು ಕೈಯಲ್ಲಿ ಹಿಡಿದು "ಯಾವುದು ದೊಡ್ಡದ್ರಿ?" ಅಂದರು. ಆಮೇಲೆ ಎರಡನ್ನೂ ಪುಂಡಿಪಲ್ಯ ಹಚ್ಚಿಕೊಂಡು ತಿಂದುಬಿಟ್ಟರು. ಹತ್ತು ವರ್ಷದಿಂದ ನಾನು ಭಿನ್ನರಾಶಿ ಕಲಿಸೋದು ಹಾಗೇ. ಅದಕ್ಕೆ ಸರ್ಟಿಫಿಕೇಟ್ ಇಲ್ಲ.

ಈಗಿನ ಕೋರ್ಸಿಗೆ ಇದೆ. ವಿಡಿಯೊವನ್ನು ಎರಡು ಪಟ್ಟು ವೇಗಕ್ಕೆ ಇಟ್ಟರೆ ಮೇಡಂ ದೀಪಾವಳಿ ಸರಪಟಾಕಿ ಥರ ಮಾತಾಡುತ್ತಾರೆ. ಕೊನೆಯ 20 ಪ್ರಶ್ನೆಗೆ ಉತ್ತರ ಬೇರೊಂದು ಗ್ರೂಪಿನಲ್ಲಿ ಬರುತ್ತದೆ. ಅದರಲ್ಲಿ ಅಧಿಕಾರಿಗಳಿಲ್ಲ. 1-ಬಿ, 2-ಡಿ, 3-ಎ. ಈ ಸಲ ಕೀ ಉತ್ತರ ಕಳಿಸಿದ ಪುಣ್ಯಾತ್ಮ ಮೂರು ತಪ್ಪು ಮಾಡಿದ್ದ. ಹಾಗಾಗಿ ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಎಲ್ಲರಿಗೂ 17. ಎಲ್ಲರದೂ 6, 11, 19 ತಪ್ಪು. ಪರೀಕ್ಷೆಯಲ್ಲಿ ಅಕ್ಕಪಕ್ಕದ ಇಬ್ಬರು ಹುಡುಗರು ಒಂದೇ ತಪ್ಪು ಬರೆದರೆ ಅವರನ್ನು ಬಿಸಿಲಲ್ಲಿ ನಿಲ್ಲಿಸೋರು ನಾವು. ನಮ್ಮದಕ್ಕೆ ಮೇಲಿನಿಂದ ಹೊಗಳಿಕೆ ಬಂತು: "ಕ್ಲಸ್ಟರಿನ ಸಾಧನೆ ಏಕರೂಪವಾಗಿದೆ, ಅಭಿನಂದನೆಗಳು."

ಸರಿ, ಕಲಿತಿದ್ದನ್ನು ಬಳಸಬೇಕಲ್ಲ. ನಮ್ಮಲ್ಲಿ ಸ್ಮಾರ್ಟ್ ಕ್ಲಾಸ್ ಇದೆ. ಒಂದು ಕೋಣೆ, ಗೋಡೆ ತುಂಬ ಟಿವಿ. ಬಂದ ದಿನದ ಪ್ಲಾಸ್ಟಿಕ್ ಹಾಗೇ ಇದೆ. "ಕವರ್ ತೆಗದ್ರ ಧೂಳ್ ಹಿಡೀತದ" ಅಂತ ಹೆಡ್ ಮಾಸ್ತರು ತೆಗೆಯೋಕೆ ಬಿಟ್ಟಿಲ್ಲ. ಆಯುಧ ಪೂಜೆಯಲ್ಲಿ ಹಚ್ಚಿದ ವಿಭೂತಿಯ ಮೂರು ಗೆರೆ ಮಾತ್ರ ಮಧ್ಯದಲ್ಲಿ ಅಚ್ಚೊತ್ತಿದೆ. ರಿಮೋಟು ಬೀರುವಿನಲ್ಲಿ, ನಗದು ಪುಸ್ತಕದ ಕೆಳಗೆ. ಕರೆಂಟ್ ಹೋದಾಗ ಟಿವಿ ನಡೆಸೋ ದೊಡ್ಡ ಬ್ಯಾಟರಿ, ಕಳ್ಳತನ ಆಗಬಾರದು ಅಂತ ಹೆಡ್ ಮಾಸ್ತರ ಮನೆಯಲ್ಲಿದೆ. ಸುಮ್ನೆ ಇಟ್ಟರೆ ಬ್ಯಾಟರಿ ಕೆಡುತ್ತದಂತೆ. ಅದಕ್ಕೆ ಅವರು ರಾತ್ರಿ ಅದರಿಂದ ಒಂದು ಫ್ಯಾನ್ ಓಡಿಸಿ ಇಲಾಖೆಯ ಆಸ್ತಿ ಕಾಪಾಡುತ್ತಿದ್ದಾರೆ.

ಆ ಟಿವಿ ಮಕ್ಕಳ ಉಪಯೋಗಕ್ಕೆ ಬಂದೇ ಇಲ್ಲ ಅಂದರೆ ತಪ್ಪಾಗುತ್ತದೆ. ಆಗಸ್ಟ್ 15ರಂದು ಹುಡುಗಿಯರು ಕಿಟಕಿ ಹತ್ತಿರ ಸಾಲು ನಿಂತಿದ್ದರು. ಕಪ್ಪು ಪರದೆಯಲ್ಲಿ ಮುಖ ನೋಡಿಕೊಂಡು ಜಡೆಯ ಟೇಪು ಸರಿ ಮಾಡಿಕೊಳ್ಳುತ್ತಿದ್ದರು. ಇಡೀ ಊರಲ್ಲಿ ಅಷ್ಟು ದೊಡ್ಡ ಕನ್ನಡಿ ಇಲ್ಲ.

ಮೊನ್ನೆ ಪಾಠ ಮಾಡೋಣ ಅಂತ ಹೋದೆ. ಬಾಗಿಲಿಗೆ ಕೀಲಿ. ಕೀಲಿಕೈ ಹೆಡ್ ಮಾಸ್ತರ ಜೇಬಲ್ಲಿ. ಅವರು ತಾಲೂಕಿಗೆ ಹೋಗಿದ್ದಾರೆ, ಸ್ಮಾರ್ಟ್ ಕ್ಲಾಸ್ ನಿರ್ವಹಣೆಯ ತರಬೇತಿಗೆ. ಮೂರು ದಿನ.

ಮಕ್ಕಳನ್ನು ವಾಪಸ್ ಕೂರಿಸಿ ಗಣಿತ ತೆಗೆದೆ. ಪುಸ್ತಕದ ಲೆಕ್ಕ ಬೇಡ, ನಮ್ಮೂರಿನದೇ ಇರಲಿ ಅಂತ ಬೋರ್ಡಿನ ಮೇಲೆ ಬರೆದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಒಂದು ಟಿವಿಗೆ 100 ವ್ಯಾಟ್ ಬೇಕು ಅಂತ ಇಟ್ಟುಕೊಂಡರೆ ಎಷ್ಟು ಟಿವಿ ನಡೆಯುತ್ತವೆ? ಸೊನ್ನೆ ಎಣಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಹಿಂದಿನ ಬೆಂಚಿನ ಹುಡುಗಿ ಸರಿಯಾಗಿ ಹೇಳಿದಳು: 1 ಕೋಟಿ 72 ಲಕ್ಷ. ನಾನು ಉಬ್ಬಿ, ಯರಮರಸಿನದು 1600, ಬಳ್ಳಾರಿಯ ಕುಡತಿನಿಯದು 1700, ಅವನ್ನೂ ಸೇರಿಸಿರಿ ಅಂದೆ. ಅವಳು ಸೇರಿಸಲಿಲ್ಲ. ಕಿಟಕಿಯಿಂದ ದೂರದ ಚಿಮಣಿ ಹೊಗೆ ನೋಡುತ್ತಾ ಕೇಳಿದಳು: "ಹಂಗಾದ್ರ ನಮ್ಮ ಶಾಲ್ಯಾಗ ಕರೆಂಟ್ ಯಾಕಿಲ್ರಿ ಸರ?"

ಅದು ಸಿಲಬಸ್ಸಿನಲ್ಲಿಲ್ಲ ಅಂದೆ. ಬೆಲ್ ಹೊಡೆಯಿತು, ಬಚಾವಾದೆ.

ಊಟಕ್ಕೆ ಬಂದರೆ ಅಡುಗೆ ಅಕ್ಕ ಕಾಯುತ್ತಿದ್ದಳು. "ತತ್ತಿ ಮೊಬೈಲಿಗೆ ಹಾಕಿದ್ರೇನ್ರಿ ಸರ?" ಬೇಯಿಸಿದ ಮೊಟ್ಟೆ ಮಕ್ಕಳ ತಟ್ಟೆಗೆ ಬಿದ್ದರೆ ಅರ್ಧ ಕೆಲಸ. ಫೋನಿಗೂ ಬೀಳಬೇಕು. ನಾನು ಮತ್ತೆ ಬೇವಿನ ಗಿಡಕ್ಕೆ ಹೋದೆ. ಮೊಟ್ಟೆ ಲೆಕ್ಕಕ್ಕೆ ಹಾಜರಿ ನೋಡಿದರೆ, ಶಾಲೆ ಬಿಟ್ಟು ಹತ್ತಿ ಬಿಡಿಸೋಕೆ ಹೋದ ಮಕ್ಕಳು ಇಂದು ಒಂಬತ್ತು ಜನ. ಬೆಂಗಳೂರಿಗೆ ಗುಳೆ ಹೋದ ಮನೆಯ ಅಣ್ಣತಮ್ಮ ಇಬ್ಬರು. ದಾಖಲೆಯಲ್ಲಿ ಅವರ ವಿದ್ಯಾರ್ಥಿ ನಂಬರ್ ಮಾತ್ರ ನಮ್ಮ ಶಾಲೆಯಲ್ಲೇ ಇದೆ, ಒಂದು ದಿನವೂ ಗುಳೆ ಹೋಗಿಲ್ಲ.

ಸಿಗ್ನಲ್ ಕಾಯುತ್ತಾ ನಿಂತಾಗ ನನಗೆ ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ನೆನಪಾಗುತ್ತದೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದಲೇ, ಹಳೇ ಶಾಸನಗಳಲ್ಲಿ ಬರೋ 'ದೇವಾನಾಂಪ್ರಿಯ' ಅನ್ನೋ ದೊರೆ ಅಶೋಕನೇ ಅಂತ ಗಟ್ಟಿಯಾಗಿದ್ದು. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನ ಇವೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇವೆ. ಅವೂ ಒಂಥರಾ ಸುತ್ತೋಲೆಗಳೇ ಅಲ್ವಾ? ದೊರೆ ಅಧಿಕಾರಿಗೆ ಹೇಳಿದ, ಅಧಿಕಾರಿ ಕೆಳಗಿನವನಿಗೆ ಹೇಳಿದ, ಅವನು ಊರಿಗೆ ಹೇಳಿದ. ಶಿಷ್ಯರು ಗುರುಗಳನ್ನು ಗೌರವಿಸಬೇಕು ಅಂತಲೂ ಬರೆಸಿದ್ದಾನೆ, ಒಳ್ಳೆಯವನು. ಎರಡು ಸಾವಿರ ವರ್ಷ ದಾಟಿದರೂ ತೆರೆಯೋಕೆ ಒಟಿಪಿ ಬೇಡ. 'ಸರ್ವರ್ ಬಿಜಿ' ಅಂದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, 'ಓದಿದ್ದಕ್ಕೆ ಫೋಟೋ ಕಳಿಸತಕ್ಕದ್ದು' ಅಂತ ಕೆಳಗೆ ಕೆತ್ತಿಸಿಲ್ಲ.

ನಮಗೆ ಫೋಟೋ ಬೇಕೇ ಬೇಕು. ಸ್ಮಾರ್ಟ್ ಕ್ಲಾಸ್ ಬಳಸುತ್ತಿರುವ ಫೋಟೋ, ಅಕ್ಷಾಂಶ ರೇಖಾಂಶದ ಸಮೇತ, ಶನಿವಾರದೊಳಗೆ.

ಶನಿವಾರ ಹೆಡ್ ಮಾಸ್ತರು ಬಂದರು, ಕೀಲಿ ತೆಗೆದರು. ಮಕ್ಕಳನ್ನು ನೆಲದ ಮೇಲೆ ಕೂರಿಸಿದೆವು. ಹನ್ನೊಂದೂಕಾಲಿಗೆ ಕರೆಂಟ್ ಬಂತು. ಕವರ್ ಸಮೇತ ಟಿವಿ ಹತ್ತಿತು. ಮಕ್ಕಳು ಹೋ ಅಂದರು. ವಿಭೂತಿಯ ಹಿಂದೆ ಪರದೆ ನೀಲಿಯಾಯಿತು, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಪದ ಅತ್ತಿಂದಿತ್ತ ಓಡಾಡಿದವು. ಒಬ್ಬ ಅಕ್ಷರ ಕೂಡಿಸಿ ಓದಿದ. ಉಳಿದವರು ಮಗ್ಗಿ ಹೇಳೋ ರಾಗದಲ್ಲಿ ದನಿಗೂಡಿಸಿದರು: "ನೋ... ಸಿಗ್ನಲ್! ನೋ... ಸಿಗ್ನಲ್!"

ಚಂದ ಓದಿದವು. ಫೋಟೋ ಹೊಡೆದು ಗಿಡದ ಕೆಳಗೆ ಓಡಿ ಗ್ರೂಪಿಗೆ ಹಾಕಿದೆ: 'ಸ್ಮಾರ್ಟ್ ಕ್ಲಾಸಿನಲ್ಲಿ ಇಂಗ್ಲಿಷ್ ವಾಚನ ಮಾಡುತ್ತಿರುವ ವಿದ್ಯಾರ್ಥಿಗಳು.' ಎರಡೇ ನಿಮಿಷಕ್ಕೆ ಉತ್ತರ ಬಂತು. "ಉತ್ತಮ ಚಟುವಟಿಕೆ. ಆದರೆ ಫೋಟೋದಲ್ಲಿ ಅಕ್ಷಾಂಶ ಬಂದಿಲ್ಲ. ಮತ್ತೊಮ್ಮೆ ತೆಗೆದು ಕಳಿಸಿ. ಅತೀ ತುರ್ತು."

ಒಳಗೆ ಬಂದು ನೋಡಿದರೆ ಕರೆಂಟ್ ಹೋಗಿತ್ತು. ಹುಡುಗಿಯರು ಟಿವಿ ಮುಂದೆ ನಿಂತು ಟೇಪು ಕಟ್ಟಿಕೊಳ್ಳುತ್ತಿದ್ದರು.