ಆ ಮೋಡದ ಫೋಟೋ ಫಾರ್ವರ್ಡ್ ಮಾಡುವ ಮುಂಚೆ

ಬೆಳಗ್ಗೆಯಿಂದ ನಾಲ್ಕನೇ ಸಲ ಅದೇ ಫೋಟೋ ಬಂತು. ಸ್ವೀಡನ್ನಿನ ಕಿರುನಾದ ಆಕಾಶ. ಹೊತ್ತು ಮುಳುಗಿದ ಮೇಲೂ ಮುತ್ತಿನ ಚಿಪ್ಪಿನ ಒಳಮೈ ಥರ ಹೊಳೆಯುವ ಮೋಡ. ಕೆಳಗೆ "ನಾರ್ದರ್ನ್ ಲೈಟ್ಸ್, ಎಷ್ಟು ಚೆಂದ!" ಅಂತ ಬರೆದಿದ್ದಾರೆ. ಮನೆಯ ಗ್ರೂಪಿನಲ್ಲಿ ಅತ್ತೆ ಅದಕ್ಕೆ ಕೈಮುಗಿದಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ. ಮೊದಲು ಹಾಕಿದ್ದು ವಿಜ್ಞಾನದ ಪೇಜು, ಸಿಟ್ಟು ಅದರ ಮೇಲೆ.

ಅದು ನಾರ್ದರ್ನ್ ಲೈಟ್ಸ್, ಅಂದರೆ ಧ್ರುವದ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು ಅಲ್ಲ, ಮೋಡ. ಧ್ರುವದ ಚಳಿಗಾಲದಲ್ಲಿ, 15ರಿಂದ 25 ಕಿಲೋಮೀಟರ್ ಎತ್ತರದಲ್ಲಿ ಕಟ್ಟುವ ಮೋಡ. ಅಲ್ಲಿನ ಗಾಳಿ ತುಂಬಾ ಒಣ. ಸುಮಾರು ಮೈನಸ್ 78 ಡಿಗ್ರಿಗೆ ಇಳಿಯುವ ತನಕ ಏನೂ ಕಟ್ಟುವುದಿಲ್ಲ. ಈ ಮೋಡಗಳ ಡೇಟಾ ಹಿಡಿದುಕೊಂಡು ನಾನು ಎಷ್ಟು ರಾತ್ರಿ ಕೂತಿದ್ದೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು.

ಹೆಸರು ತಪ್ಪಾಗಿದ್ದು ದೊಡ್ಡ ವಿಷಯವಲ್ಲ. ಚೆಂದ ಅಂದು ಅಲ್ಲಿಗೇ ಬಿಟ್ಟುಬಿಡುತ್ತೇವಲ್ಲ, ಅದು ನನಗೆ ತಡೆಯೋದಿಲ್ಲ. ಬಿಸಿಲಿನ ಕೆಟ್ಟ ಕಿರಣ ತಡೆಯುವ ಓಝೋನ್ ಪದರಕ್ಕೆ ತೂತು ಬೀಳುವುದು ಈ ಮೋಡಗಳಿಂದ. ನಮ್ಮ ಹಳೇ ಫ್ರಿಜ್ಜು, ಸ್ಪ್ರೇಗಳಿಂದ ಮೇಲಕ್ಕೆ ಹೋದ ಕ್ಲೋರಿನ್ ಅಲ್ಲಿ ಸುಮ್ನೆ ಇರುತ್ತದೆ. ಈ ಮೋಡದ ಕಣಗಳ ಮೈಮೇಲೆ ಅದು ಬೇರೆ ರೂಪಕ್ಕೆ ತಿರುಗುತ್ತದೆ. ಚಳಿಗಾಲ ಮುಗಿದು ಬಿಸಿಲು ಬಿದ್ದ ತಕ್ಷಣ ಓಝೋನ್ ತಿನ್ನಲು ಶುರು. ತೂತಿನ ಸುದ್ದಿ ಬಂದದ್ದು 1985ರಲ್ಲಿ. ಮೋಡವೇ ಕಾರಣ ಅಂತ ಮರುವರ್ಷ ಅಮೆರಿಕದ ವಿಜ್ಞಾನಿ ಸೂಸನ್ ಸಾಲಮನ್ ಮತ್ತು ಜೊತೆಯವರು ತೋರಿಸಿಕೊಟ್ಟರು.

ಮುಖ್ಯ ವಿಷಯ ಇಲ್ಲಿದೆ. ಫೋಟೋದಲ್ಲಿರುವ ಬಣ್ಣದ ಮೋಡ ಮಂಜುಗಡ್ಡೆಯದ್ದು. ಇನ್ನುಳಿದವು ನೈಟ್ರಿಕ್ ಆಸಿಡ್ ಸೇರಿದ ಹರಳು, ಹನಿಗಳ ಮೋಡಗಳು. ತೆಳು, ಮಂಕು. ಓಝೋನಿಗೆ ಜಾಸ್ತಿ ಪೆಟ್ಟು ಕೊಡುವುದು ಅವೇ. ಅವುಗಳ ಫೋಟೋ ಯಾರೂ ಹಾಕುವುದಿಲ್ಲ.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಅತ್ತೆ ಫೋನ್ ಮಾಡಿದರು. "ಕಾಣದೇ ಇರೋ ಮೋಡನ ಹೆಂಗೋ ನೋಡ್ತಾರೆ?"

ಎಷ್ಟು ಖುಷಿಯಾಯಿತು ಗೊತ್ತಾ! ಅತ್ತೆ, ಮಂಜು ಬಿದ್ದಾಗ ಗಾಡಿಯ ಹೆಡ್‌ಲೈಟ್ ಹಾಕಿದರೆ ಬೆಳಕು ನಮ್ಮ ಮುಖಕ್ಕೇ ವಾಪಸ್ ಹೊಡೆಯುತ್ತಲ್ವಾ, ಹಾಗೆ ಅಂದೆ. 2006ರಲ್ಲಿ ಹಾರಿಸಿದ ಕ್ಯಾಲಿಪ್ಸೊ ಉಪಗ್ರಹ ಸೆಕೆಂಡಿಗೆ 20 ಸಲ ಹಸಿರು ಲೇಸರ್ ಮಿಂಚಿಸುತ್ತಿತ್ತು. ಬೆಳಕು ತಿರುಗಿ ಬರಲು ಹಿಡಿದ ಹೊತ್ತಿನಿಂದ ಮೋಡದ ಎತ್ತರ ಸಿಗುತ್ತದೆ. ದುಂಡಗಿನ ಹನಿಗೆ ಬಡಿದ ಬೆಳಕು ಹೋದ ಹಾಗೇ ಬರುತ್ತದೆ, ಹರಳಿಗೆ ಬಡಿದದ್ದು ತಿರುಚಿಕೊಂಡು ಬರುತ್ತದೆ. ಅದರಿಂದ ಯಾವ ಜಾತಿಯ ಮೋಡ ಅಂತ ಗೊತ್ತಾಗುತ್ತದೆ. ಧ್ರುವದ ರಾತ್ರಿ ತಿಂಗಳುಗಟ್ಟಲೆ ಇರುತ್ತದೆ. ಬಿಸಿಲನ್ನು ನಂಬಿದ ಉಪಕರಣ ಅಲ್ಲಿ ಕುರುಡು. ಕ್ಯಾಲಿಪ್ಸೊ ತನ್ನ ದೀಪ ತಾನೇ ಒಯ್ದಿತ್ತು.

ಆದರೂ ಅಷ್ಟು ತೆಳು ಮೋಡ ಒಂದೇ ಮಿಂಚಿಗೆ ಸಿಗುವುದಿಲ್ಲ. ಮೊದಲು ಉಪಗ್ರಹ ಸಾಗಿದ 5 ಕಿಲೋಮೀಟರ್ ದಾರಿಯ ಬೆಳಕನ್ನು ಸೇರಿಸಿ ಸರಾಸರಿ ನೋಡಬೇಕು. ಸಿಗಲಿಲ್ಲ ಅಂದರೆ 15, ಆಮೇಲೆ 45, ಕೊನೆಗೆ 135. ಬರೀ ಚುಕ್ಕಿ ಚುಕ್ಕಿ ಇದ್ದ ಪರದೆಯ ಮೇಲೆ, 20 ಕಿಲೋಮೀಟರ್ ಎತ್ತರದಲ್ಲಿ, ಮೆಲ್ಲಗೆ ಒಂದು ಪಟ್ಟಿ ಮೂಡುತ್ತದೆ. ಮೊದಲ ಸಲ ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಓಝೋನ್ ವಾಸಿಯಾಗ್ತಿದೆ, ಇನ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಅಂತ ಒಬ್ಬ ಗೆಳೆಯ ಕೇಳಿದ. ವಾಸಿಯಾಗುತ್ತಿದೆ, ನಿಜ. ಓಝೋನ್ ತಿನ್ನುವ ರಾಸಾಯನಿಕಗಳಿಗೆ ಕಡಿವಾಣ ಹಾಕಿದ 1987ರ ಮಾಂಟ್ರಿಯಲ್ ಒಪ್ಪಂದದ ಪುಣ್ಯ. ಆದರೆ ಅಂಟಾರ್ಕ್ಟಿಕಾದಲ್ಲಿ ಓಝೋನ್ 1980ರ ಮಟ್ಟಕ್ಕೆ ಬರುವುದು 2066ರ ಹೊತ್ತಿಗೆ ಅಂತ ಅಂದಾಜು. ಅಲ್ಲಿಯವರೆಗೆ ಕ್ಲೋರಿನ್ ಮೇಲೇ ಇರುತ್ತದೆ. 2020ರಲ್ಲಿ ಉತ್ತರ ಧ್ರುವದ ಆರ್ಕ್ಟಿಕ್ ಮೇಲೂ ಓಝೋನ್ ಎಷ್ಟು ಕರಗಿತು ನೋಡಿ. 2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಹುಂಗಾ ಟೋಂಗಾ ಜ್ವಾಲಾಮುಖಿ ಸಿಡಿದು ಬೇಕಾದಷ್ಟು ನೀರಾವಿಯನ್ನು ಮೇಲಕ್ಕೆ ಎಸೆಯಿತು. ಅದು ಅಂಟಾರ್ಕ್ಟಿಕ್ ಚಳಿಗಾಲದ ಮೋಡಗಳನ್ನು ಮುಟ್ಟಿದ್ದು 2023ರಲ್ಲಿ. ಅದೇ ವರ್ಷ, ಅದೇ ಚಳಿಗಾಲದ ನಡುವೆ, ಕ್ಯಾಲಿಪ್ಸೊ ನಿಂತಿತು. ಇಂಧನ ಖಾಲಿ. ಆಗಸ್ಟ್ 1ಕ್ಕೆ ಕೆಲಸ ಮುಗಿಯಿತು ಅಂತ ಘೋಷಿಸಿದರು. ಆ ಸುದ್ದಿ ಓದಿ ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಲೇಸರ್ ಹೊತ್ತ ಇನ್ನೊಂದು ಉಪಗ್ರಹ ಅರ್ಥ್‌ಕೇರ್ ಮೇಲೆ ಹೋಗಿದ್ದು 2024ರ ಮೇ ಕೊನೆಗೆ. ನಡುವೆ ಕಳೆದುಹೋದ ಆ ತಿಂಗಳುಗಳು ವಾಪಸ್ ಬರುತ್ತವಾ?

ಫೋನ್ ಇಡುವಾಗ ಅತ್ತೆ ಅಂದರು, "ಆ ಇನ್ನೊಂದು ಮೋಡದ ಚಿತ್ರ ಇದ್ರೆ ಕಳ್ಸೋ." ಹಳೇ ಹಾರ್ಡ್ ಡಿಸ್ಕ್ ಹುಡುಕಿ ಕಳಿಸಿದೆ. ಕಪ್ಪು ಪರದೆ, ಮೇಲೊಂದು ಮಸುಕು ಪಟ್ಟಿ. ಅತ್ತೆ ಅದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದಾರೆ.