ಶಟರ್ ಹಾಕಿಸುವ ಮೊದಲು ಯಾರನ್ನು ಕೇಳಬೇಕು?

ಬೆಂಗಳೂರಿನಲ್ಲಿ ಮನೆಯೊಂದರ ಕಾರು ನಿಲ್ಲಿಸುವ ಜಾಗಕ್ಕೆ ಶಟರ್ ಬಿದ್ದರೆ ಅಲ್ಲಿಗೆ ಟೈಲರ್ ಬರುತ್ತಾರೆ, ಇಲ್ಲವೇ ಕಾಂಡಿಮೆಂಟ್ಸ್ ಅಂಗಡಿ ಬರುತ್ತದೆ. ಕೆಲವು ವರ್ಷ ಯಾರಿಗೂ ತಕರಾರಿಲ್ಲ. ಒಂದು ದಿನ ಸ್ಕೂಟರ್ ನಿಲ್ಲಿಸುವ ವಿಚಾರಕ್ಕೆ ಪಕ್ಕದ ಮನೆಯವರೊಡನೆ ಜಟಾಪಟಿಯಾಗುತ್ತದೆ, ದೂರು ಹೋಗುತ್ತದೆ, ಹಿಂದೆಯೇ ನೋಟಿಸು ಬರುತ್ತದೆ: ಇದು ವಸತಿ ವಲಯ, ಇಲ್ಲಿ ವ್ಯಾಪಾರ ಕೂಡದು. ಅಲ್ಲಿಯವರೆಗೆ ಈ ವಲಯ ಎಲ್ಲಿ ಮಲಗಿತ್ತು?

ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಡುವುದು ನನ್ನ ಕಸುಬು. ಇಂಥ ನೋಟಿಸು ಹಿಡಿದುಕೊಂಡು ಬರುವವರಿಗೆ ನಾನು ಮೊದಲು ಹೇಳುವುದು, ಅದರಲ್ಲಿರುವುದು ಅರ್ಧ ಸತ್ಯ ಎಂದು. ನಗರ ಇಂದಿಗೂ ನೆಚ್ಚಿಕೊಂಡಿರುವುದು 2007ರಲ್ಲಿ ಮಂಜೂರಾದ, ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಎಂಬ ಯೋಜನೆಯನ್ನು. ಅದರ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ. ಆದರೆ ಹಳದಿ ಎಂದರೆ ಬರೀ ಮನೆ ಎಂದಲ್ಲ. ಮುಖ್ಯ ವಸತಿ ವಲಯದಲ್ಲೂ ಕಟ್ಟಡದ ಒಟ್ಟು ವಿಸ್ತೀರ್ಣದ ಶೇ. 20 ಅಥವಾ 50 ಚದರ ಮೀಟರ್, ಯಾವುದು ಕಡಿಮೆಯೋ ಅಷ್ಟನ್ನು ಪೂರಕ ಬಳಕೆಗೆ ಬಿಟ್ಟುಕೊಡಲಾಗಿದೆ. ಹಾಲಿನ ಬೂತು, ತರಕಾರಿ, ಹೊಲಿಗೆ, ಕ್ಷೌರದಂಗಡಿ ಎಲ್ಲ ಇದರೊಳಗೆ ಬರುತ್ತವೆ.

30-40ರ ಸೈಟಿನಲ್ಲಿ ಎರಡಂತಸ್ತು ಸೇರಿ 1,500 ಚದರ ಅಡಿಯ ಮನೆ ಇದೆ ಎಂದುಕೊಳ್ಳಿ. ಅದರ ಶೇ. 20 ಎಂದರೆ 300 ಚದರ ಅಡಿ. ಹೊಲಿಗೆ ಯಂತ್ರ ಎರಡು, ಕತ್ತರಿಸುವ ಮೇಜು ಒಂದು ಇಟ್ಟುಕೊಳ್ಳಲು 150 ಚದರ ಅಡಿ ಧಾರಾಳವಾಯಿತು. ಮತ್ತೆ ಸಿಕ್ಕಿಕೊಳ್ಳುವುದೆಲ್ಲಿ? ಆ ಜಾಗ ಮನೆಗೆ ಮಂಜೂರಾದ ಕಟ್ಟಡ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುತ್ತದೆ. ವಲಯ ನಿಯಮ ಒಪ್ಪಿದ್ದನ್ನು ಕಟ್ಟಡ ನಿಯಮ ಒಪ್ಪುವುದಿಲ್ಲ. ಜತೆಗೆ ರಸ್ತೆಯ ಅಗಲದ ಲೆಕ್ಕ ಬೇರೆ ಇದೆ. ಪಾರ್ಕಿಂಗ್ ನುಂಗಿದವರು ಮನೆಯ ಮಾಲೀಕರು, ಬೀಗ ಬೀಳುವುದು ಬಾಡಿಗೆದಾರರ ಅಂಗಡಿಗೆ. ಅಡ್ವಾನ್ಸ್ ವಾಪಸು ಬರುವುದು ಮಾಲೀಕರ ಮರ್ಜಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಅದೇ ಅಂಗಡಿಯ ವಿದ್ಯುತ್ ಮೀಟರ್ ವಾಣಿಜ್ಯ ದರದಲ್ಲಿ ಓಡುತ್ತಿರುತ್ತದೆ. ಆಸ್ತಿ ತೆರಿಗೆಯಲ್ಲಿ ಆ ಭಾಗಕ್ಕೆ ವಸತಿಯೇತರ ದರ ಕಟ್ಟಿಸಿಕೊಂಡಿರುತ್ತಾರೆ. ಹಣ ತೆಗೆದುಕೊಳ್ಳುವಾಗ ಅದು ಅಂಗಡಿ, ದೂರು ಬಂದಾಗ ಅದು ಮನೆ! ತೆರಿಗೆ ಕಟ್ಟಿದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು ಎಂಬ ಕಾನೂನು ನನಗೂ ಗೊತ್ತು. ಆದರೆ ರಸೀದಿಗಳ ಕಟ್ಟನ್ನೇ ಪರವಾನಗಿ ಎಂದು ನಂಬಿ ಕೂತ ಅಂಗಡಿಯ ಹೆಂಗಸಿಗೆ ಅದನ್ನು ಹೇಳಿದವರು ಯಾರು?

ನಿವಾಸಿಗಳ ಗೋಳು ಸುಳ್ಳು ಎನ್ನುತ್ತಿಲ್ಲ. ಇಂದಿರಾನಗರ, ಕೋರಮಂಗಲದ ಒಳರಸ್ತೆಗಳಲ್ಲಿ ಪಬ್ಬುಗಳ ಸದ್ದಿಗೆ ನಿದ್ದೆಗೆಟ್ಟವರು ಬೀದಿಗಿಳಿದದ್ದು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನ್ಯಾಯವಾಗಿಯೇ ಇತ್ತು. ಮಧ್ಯರಾತ್ರಿಯ ಸಂಗೀತಕ್ಕೂ ಗೇಟಿಗೆ ಅಡ್ಡ ನಿಂತ ಕಾರಿಗೂ ಯಾವ ರಿಯಾಯಿತಿಯೂ ಬೇಡ. ಆದರೆ ಪಬ್ಬಿನ ಮೇಲಿನ ಕೋಪದಿಂದ ಬಿಗಿಯಾದ ನಿಯಮ ಬೀಗ ಹಾಕುವುದು ಚಕ್ಕುಲಿ ಕರಿಯುವವರಿಗೆ. ದೊಡ್ಡವರ ಬಳಿ ವಕೀಲರಿರುತ್ತಾರೆ, ತಡೆಯಾಜ್ಞೆ ಸಿಗುತ್ತದೆ.

ನಿಯಮ ಅಳೆಯಬೇಕಾದದ್ದು ತೊಂದರೆಯನ್ನು. ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಎಷ್ಟು ಸದ್ದು, ಹೊಗೆ ಎಲ್ಲಿ ಹೋಗುತ್ತದೆ, ಎಷ್ಟು ವಾಹನ ಬರುತ್ತವೆ? ಇವನ್ನು ನೋಡಿದರೆ ಬೀದಿಗೆ ಯಾವುದು ಹೊರೆ ಎಂದು ತಿಳಿಯಲು ನಕ್ಷೆಯ ಬಣ್ಣ ಬೇಕಾಗುವುದಿಲ್ಲ. ಅಕ್ಕಿಪೇಟೆ, ಬಳೇಪೇಟೆ ಎಂದು ಬೀದಿಗಳಿಗೆ ಕಸುಬಿನ ಹೆಸರನ್ನೇ ಇಟ್ಟುಕೊಂಡ ಊರು ಇದು. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಪೇಟೆಯವರಿಗೆ ಹೊಸದಲ್ಲ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಎಂಬ ಬಡಾವಣೆಯ ಶಿಸ್ತು ನಂತರ ಬಂದದ್ದು. ಜಯನಗರದ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಂತೆ ಅಂಗಡಿಗೂ ಜಾಗ ಬಿಟ್ಟ ಕಡೆ ಆ ಶಿಸ್ತಿಗೆ ಅರ್ಥವಿತ್ತು. ಆಮೇಲೆ ಎದ್ದ ಎಷ್ಟೋ ಬಡಾವಣೆಗಳಲ್ಲಿ ಅಂಗಡಿಗೆ ಜಾಗವನ್ನೇ ಬಿಡದೆ, ಮನೆಯಲ್ಲಿ ಅಂಗಡಿ ಇಟ್ಟರೆಂದು ಗದರಿಸುತ್ತೇವೆ.

2031ರ ಮಾಸ್ಟರ್ ಪ್ಲಾನ್ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಮುಂದಿನ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶವಿರುತ್ತದೆ. ನಾನು ಕೇಳಲಿರುವುದು ಇಷ್ಟು: ಮನೆಯ ನಂಬರು ಕೊಟ್ಟರೆ ಅಲ್ಲಿ ಯಾವ ಉದ್ದಿಮೆಗೆ, ಎಷ್ಟು ಚದರ ಅಡಿಯಲ್ಲಿ, ಯಾವ ಷರತ್ತಿನ ಮೇಲೆ ಅವಕಾಶವಿದೆ ಎಂದು ಒಂದು ವಾರದೊಳಗೆ ಲಿಖಿತವಾಗಿ ಕೊಡಬೇಕು, ಕನ್ನಡದಲ್ಲಿ. ಪಾರ್ಕಿಂಗ್ ಜಾಗವನ್ನು ಅಂಗಡಿ ಎಂದು ಬಾಡಿಗೆಗೆ ಕೊಟ್ಟ ಮಾಲೀಕರಿಗೇ ಮೊದಲ ನೋಟಿಸು ಹೋಗಬೇಕು, ಅಡ್ವಾನ್ಸ್ ಹಿಂದಿರುಗಿಸುವ ಹೊಣೆಯೂ ಅವರದೇ ಆಗಬೇಕು. ನಿಮ್ಮ ಬೀದಿಯ ಟೈಲರಿಗೆ ಇಂಥ ನೋಟಿಸು ಬಂದಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಆಕ್ಷೇಪಣೆಗೆ ಸೇರಿಸುತ್ತೇನೆ.