ಟ್ಯೂನ್ ಮಾಡಿದ ಟರ್ಬೊ ಕಾರು: ಎರಡು ಚಕ್ರ ಸಾಕಾ, ನಾಲ್ಕೂ ಬೇಕಾ?

ಟರ್ಬೊ ಕಾರಿನ ಬೂಸ್ಟ್ (ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ) ಏರಿಸಿ ಬಲ ಹೆಚ್ಚಿಸಬೇಕು ಅನ್ನುವವರು ಆಲ್ ವೀಲ್ ಡ್ರೈವ್, ಅಂದ್ರೆ ನಾಲ್ಕೂ ಚಕ್ರ ಎಳೆಯುವ ಕಾರನ್ನೇ ಕೊಳ್ಳಬೇಕಾ? ಈ ಪ್ರಶ್ನೆಗೆ ಇಬ್ಬರು ಕನ್ನಡಿಗ ಗೆಳೆಯರು ಉತ್ತರ ಬರೆದಿದ್ದಾರೆ. ಇಬ್ಬರೂ ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನವರಾಗಿಬಿಟ್ಟಿದ್ದಾರೆ. ಇಬ್ಬರ ಹತ್ತಿರವೂ ಅದೇ ಊರಲ್ಲಿ ತಯಾರಾದ ಹಳೆಯ ಮಿತ್ಸುಬಿಷಿ ಎಕ್ಲಿಪ್ಸ್ ಇದೆ. ಒಬ್ಬರದು ನಾಲ್ಕೂ ಚಕ್ರ ಎಳೆಯುವ ಜಿಎಸ್ಎಕ್ಸ್, ಇನ್ನೊಬ್ಬರದು ಮುಂದಿನ ಚಕ್ರ ಮಾತ್ರ ಎಳೆಯುವ ಜಿಎಸ್-ಟಿ.

ಪರ: ನಾಲ್ಕೂ ಚಕ್ರ ಎಳೆಯಬೇಕು

ನಮ್ಮೂರಿನ ಪಶ್ಚಿಮದ ಅಂಚಿನಲ್ಲಿ ಒಂದು ದೊಡ್ಡ ಕಾರ್ಖಾನೆ ಇದೆ. ಈಗ ಅಲ್ಲಿ ರಿವಿಯನ್ ಕಂಪನಿಯ ಎಲೆಕ್ಟ್ರಿಕ್ ಗಾಡಿಗಳು ತಯಾರಾಗುತ್ತವೆ. 1988ರಲ್ಲಿ ಅಲ್ಲಿ ಕೆಲಸ ಶುರುವಾದಾಗ ಅದರ ಹೆಸರು ಡೈಮಂಡ್-ಸ್ಟಾರ್ ಮೋಟಾರ್ಸ್. ಮಿತ್ಸುಬಿಷಿಯ ಮೂರು ವಜ್ರ, ಕ್ರೈಸ್ಲರ್‌ನ ನಕ್ಷತ್ರ, ಎರಡೂ ಸೇರಿ ಬಂದ ಹೆಸರು. ಎಕ್ಲಿಪ್ಸ್, ಈಗಲ್ ಟ್ಯಾಲನ್, ಪ್ಲಿಮತ್ ಲೇಸರ್ ಎಂದು ಮೂರು ಹೆಸರಲ್ಲಿ ಹೊರಬಂದದ್ದು ಒಂದೇ ಕಾರು. ಟ್ಯೂನಿಂಗ್ ಮಾಡುವವರು ಇವತ್ತಿಗೂ ಅದನ್ನು ಡಿಎಸ್ಎಂ ಅಂತಲೇ ಕರೆಯುತ್ತಾರೆ.

ಈ ಚರ್ಚೆಗೆ ಡಿಎಸ್ಎಂಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1995ರಿಂದ 1999ರವರೆಗಿನ ಜಿಎಸ್-ಟಿ, ಜಿಎಸ್ಎಕ್ಸ್ ಎರಡರಲ್ಲೂ ಅದೇ 4ಜಿ63 ಎರಡು ಲೀಟರ್ ಟರ್ಬೊ ಎಂಜಿನ್. ಮ್ಯಾನುಯಲ್ ಗೇರಿನಲ್ಲಿ ಎರಡಕ್ಕೂ 210 ಎಚ್‌ಪಿ. ಬಾಡಿ ಅದೇ. ಬೇರೆ ಇರುವುದು ಮುಖ್ಯವಾಗಿ ಬಲ ಯಾವ ಚಕ್ರಕ್ಕೆ ಹೋಗುತ್ತದೆ ಅನ್ನುವುದು.

ಒಂದು ಸಣ್ಣ ಲೆಕ್ಕ ಹಾಕೋಣ. ಡ್ರೈವರ್ ಸೇರಿ ಕಾರು 1400 ಕೆಜಿ ಅಂತ ಇಟ್ಟುಕೊಳ್ಳಿ. ನಿಂತಿದ್ದಾಗ ಅದರಲ್ಲಿ ನೂರಕ್ಕೆ 60 ಭಾಗ, ಅಂದ್ರೆ 840 ಕೆಜಿ, ಮುಂದಿನ ಚಕ್ರದ ಮೇಲಿರುತ್ತದೆ. ಕಾರು ಮುನ್ನುಗ್ಗಿದ ಕೂಡಲೇ ಮೂಗು ಮೇಲೇಳುತ್ತದೆ, ಭಾರ ಹಿಂದಕ್ಕೆ ಜಾರುತ್ತದೆ. ಇಂಥ ಕಾರಿನಲ್ಲಿ ಅರ್ಧ ಜಿ (ಭೂಮಿಯ ಸೆಳೆತದ ಅರ್ಧದಷ್ಟು) ವೇಗೋತ್ಕರ್ಷಕ್ಕೆ ಸುಮಾರು 140 ಕೆಜಿ ಹಿಂದಕ್ಕೆ ಹೋಗುತ್ತದೆ. ಮುಂದೆ ಉಳಿದದ್ದು 700. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟಯರು ತನ್ನ ಮೇಲಿರುವ ಭಾರದಷ್ಟೇ ಬಲದಿಂದ ಎಳೆಯಬಲ್ಲದು. ಅಂದ್ರೆ 700 ಕೆಜಿ ಎಳೆತ. ಅಲ್ಲಿಗೆ ಮುಗಿಯಿತು. ಎಂಜಿನ್ನಿಗೆ ಇನ್ನೂ ಬಲ ಕೊಟ್ಟರೆ ಟಯರು ಸುಮ್ನೆ ತಿರುಗುತ್ತದೆ, ಹೊಗೆ ಬರುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಈಗ ಅದೇ ಭಾರದ ಕಾರಿನಲ್ಲಿ ಬಲವನ್ನು ಹಿಂದೆ-ಮುಂದೆ ಅರ್ಧರ್ಧ ಹಂಚಿ. ಜಿಎಸ್ಎಕ್ಸ್‌ನ ಮಧ್ಯದ ಡಿಫರೆನ್ಷಿಯಲ್ (ಬಲ ಹಂಚುವ ಗೇರುಗಳ ಜೋಡಣೆ) ಮಾಡುವುದು ಅದನ್ನೇ. ಜೋರಾಗಿ ಹೊರಟಾಗ ಮುಂದೆ 600, ಹಿಂದೆ 800 ಕೆಜಿ ಇರುತ್ತದೆ. ಹಿಂದಕ್ಕೆ ಜಾರಿದ ಭಾರವೂ ಈಗ ಕೆಲಸಕ್ಕೆ ಬರುತ್ತದೆ. ಬಲ ಅರ್ಧರ್ಧ ಹಂಚಿರುವುದರಿಂದ ಮುಂದಿನ 600ರಷ್ಟೇ ಹಿಂದೆಯೂ, ಅಂದ್ರೆ ಒಟ್ಟು ಎಳೆತ ಸುಮಾರು 1200 ಕೆಜಿ. ಅದೇ ಟಯರು, ಅದೇ ರಸ್ತೆ, ಆದರೆ 700ರ ಜಾಗದಲ್ಲಿ 1200!

ಇದರ ಅರ್ಥ ಏನು ಗೊತ್ತಾ? ಈ ಲೆಕ್ಕದ ಮುಂದಿನ ಚಕ್ರದ ಕಾರು ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 5.7 ಸೆಕೆಂಡಿಗಿಂತ ಮೊದಲು ಮುಟ್ಟಲು ಆಗುವುದೇ ಇಲ್ಲ. ಎಂಜಿನ್ನಿನಲ್ಲಿ 300 ಎಚ್‌ಪಿ ಇರಲಿ, 600 ಇರಲಿ. ಕಂಪನಿಗಳ ಅಂಕಿಗಳೂ ಇದರ ಹತ್ತಿರವೇ ಇವೆ. ಮುಂದಿನ ಚಕ್ರದ ಟರ್ಬೊ ಕಾರುಗಳಲ್ಲೇ ಅತಿ ಚೆನ್ನಾಗಿ ಮಾಡಿದ್ದು ಹೋಂಡಾ ಸಿವಿಕ್ ಟೈಪ್ ಆರ್. 329 ಪಿಎಸ್ (ಎಚ್‌ಪಿಗೆ ಹೆಚ್ಚುಕಡಿಮೆ ಸಮನಾದ ಅಳತೆ) ಬಲ, ಒಳಗೆ ಒಂದೇ ಚಕ್ರ ಸುಮ್ನೆ ತಿರುಗದ ಹಾಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಆದರೂ 100ಕ್ಕೆ 5.4 ಸೆಕೆಂಡು. ನಾಲ್ಕೂ ಚಕ್ರದ ಆಡಿ ಆರ್‌ಎಸ್3, 400 ಪಿಎಸ್, 3.8 ಸೆಕೆಂಡು. ಬಲದ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಟೈಪ್ ಆರ್‌ಗೆ ಇನ್ನೂ 70 ಪಿಎಸ್ ಕೊಟ್ಟರೂ ರಸ್ತೆಯ ಟಯರಿನಲ್ಲಿ ಅದು 3.8 ಮುಟ್ಟುವುದಿಲ್ಲ.

ಇದು ಹೊಸ ವಿಷಯವಲ್ಲ. ಜಿಎಸ್ಎಕ್ಸ್‌ನ ಎಂಜಿನ್ನು, ಡ್ರೈವ್ ಎರಡೂ ಬಂದದ್ದು ಮಿತ್ಸುಬಿಷಿಯದೇ ಗ್ಯಾಲಂಟ್ ವಿಆರ್-4 ಕಾರಿನಿಂದ. ಆ ಕಾರು 1989ರಲ್ಲಿ ಫಿನ್ಲೆಂಡಿನ ಜಲ್ಲಿ ರಸ್ತೆಯ ರ‍್ಯಾಲಿಯನ್ನೂ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನೂ ಗೆದ್ದಿತು. ಅದಕ್ಕೂ ಮೊದಲೇ ನಾಲ್ಕೂ ಚಕ್ರದ ಆಡಿ ಕ್ವಾಟ್ರೊ ಬಂದು ರ‍್ಯಾಲಿಯ ದಿಕ್ಕನ್ನೇ ಬದಲಿಸಿತ್ತು.

ಇನ್ನು ಸ್ಟಿಯರಿಂಗ್. ಟರ್ಬೊ ಒತ್ತಡ ಏರುವುದು ಮೆಲ್ಲಗಲ್ಲ, ಧಗ್ ಅಂತ. ಮುಂದಿನ ಚಕ್ರಗಳೇ ತಿರುಗಿಸಬೇಕು, ಅವೇ ಎಳೆಯಬೇಕು ಅಂದ್ರೆ ಸ್ಟಿಯರಿಂಗ್ ಕೈಯಲ್ಲಿ ಒದ್ದಾಡುತ್ತದೆ. ಫೋರ್ಡ್ 2009ರ ಫೋಕಸ್ ಆರ್‌ಎಸ್‌ಗೆ 305 ಪಿಎಸ್ ಕೊಟ್ಟು, ಇದನ್ನು ತಡೆಯಲೆಂದೇ ಮುಂದಿನ ಸಸ್ಪೆನ್ಷನ್ನನ್ನು ಬೇರೆ ರೀತಿ ಮಾಡಿತು. ಚೆನ್ನಾಗಿಯೇ ಮಾಡಿತು. ಆದರೆ ಮುಂದಿನ ಪೀಳಿಗೆಯಲ್ಲಿ 350 ಪಿಎಸ್ ಬೇಕು ಅಂದಾಗ ನಾಲ್ಕೂ ಚಕ್ರಕ್ಕೆ ಬಂತು.

ನಮ್ಮೂರಲ್ಲಿ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಹಿಮ. ಮಳೆಗೇ ಟಯರಿನ ಹಿಡಿತ ಎಷ್ಟೋ ಇಳಿಯುತ್ತದೆ. ನನ್ನ ಜಿಎಸ್ಎಕ್ಸ್ ಆಗಲೂ ಹೇಳಿದ ಕಡೆಗೇ ಹೋಗುತ್ತದೆ. ಕಷ್ಟಪಟ್ಟು ದುಡಿದ ಹಣದಲ್ಲಿ ಬಲ ಕೊಂಡುಕೊಂಡ ಮೇಲೆ ಅದು ನೆಲಕ್ಕೆ ಇಳಿಯಬೇಕಲ್ವಾ?

ವಿರೋಧ: ಎರಡು ಚಕ್ರವೇ ಸಾಕು

ಗೆಳೆಯನ ಲೆಕ್ಕ ಸರಿ. ಆದರೆ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದಾನೆ. ನಾನು ಅಲ್ಲಿಂದ ಮುಂದುವರಿಸುತ್ತೇನೆ.

ಮುಂದಿನ ಚಕ್ರ 700 ಕೆಜಿ ಎಳೆಯಬಲ್ಲದು ಅಂದೆವು. ಅದೇ ಎಳೆತಕ್ಕೆ ಬೇಕಾಗುವ ಬಲ ವೇಗದ ಜೊತೆ ಏರುತ್ತಾ ಹೋಗುತ್ತದೆ. 50 ಕಿ.ಮೀ. ವೇಗದಲ್ಲಿ ಚಕ್ರಕ್ಕೆ 130 ಎಚ್‌ಪಿ ಬಂದರೆ ಸಾಕು, ಟಯರಿನ ಹಿಡಿತ ಮುಗಿಯುತ್ತದೆ. 100ರಲ್ಲಿ ಅದಕ್ಕೆ ಸುಮಾರು 256 ಎಚ್‌ಪಿ ಬೇಕು. ಸುಮಾರು 115ರಲ್ಲಿ 300. ಅಂದ್ರೆ ಚಕ್ರದಲ್ಲಿ 300 ಎಚ್‌ಪಿ ಇರುವ ಕಾರು 115 ದಾಟಿದ ಮೇಲೆ ಎಲ್ಲಾ ಬಲವನ್ನೂ ಎರಡೇ ಟಯರಿನಲ್ಲಿ ನೆಲಕ್ಕೆ ಇಳಿಸುತ್ತದೆ. ಅಲ್ಲಿಂದಾಚೆಗೆ ಹಿಂದಿನ ಚಕ್ರದ ಎಳೆತದಿಂದ ನೇರ ದಾರಿಯಲ್ಲಿ ಲಾಭ ಇಲ್ಲ. ಬರೀ ಭಾರ. ಜಿಎಸ್ಎಕ್ಸ್ ನನ್ನ ಕಾರಿಗಿಂತ ನೂರು ಕೆಜಿಯಷ್ಟು ಜಾಸ್ತಿ ತೂಗುತ್ತದೆ. ಟ್ರಾನ್ಸ್‌ಫರ್ ಕೇಸು, ಉದ್ದದ ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಡಿಫರೆನ್ಷಿಯಲ್ಲು, ಹೀಗೆ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಇವೆಲ್ಲ ತಿರುಗಲು ಎಂಜಿನ್ ಬಲದಲ್ಲೇ ಪಾಲು ಕೇಳುತ್ತವೆ.

ಡ್ರ್ಯಾಗ್ ಟ್ರ್ಯಾಕಿನ ಚೀಟಿ ಓದಲು ಬಂದವರಿಗೆ ಇದು ಹೊಸದಲ್ಲ. ಕಾಲು ಮೈಲಿ ಓಟದ ಚೀಟಿಯಲ್ಲಿ ಎರಡು ಅಂಕಿ ಮುಖ್ಯ. ಒಂದು, ತೆಗೆದುಕೊಂಡ ಸಮಯ. ಇನ್ನೊಂದು, ಗೆರೆ ದಾಟುವಾಗಿನ ವೇಗ. ಒಂದೇ ಎಂಜಿನ್ನಿನ ಎರಡು ಡಿಎಸ್ಎಂಗಳಲ್ಲಿ ಸಮಯ ಗೆಲ್ಲುವುದು ಜಿಎಸ್ಎಕ್ಸ್. ಗೆರೆ ದಾಟುವ ವೇಗದಲ್ಲಿ ಹಗುರ ಕಾರಿಗೆ ಅನುಕೂಲ. ಸಮಯದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಮೊದಲ ಅರವತ್ತು ಅಡಿಯಲ್ಲೇ ಮುಗಿದಿರುತ್ತದೆ.

ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಇದು. ನೀವು ವರ್ಷಕ್ಕೆ ಎಷ್ಟು ಸಲ ನಿಂತಲ್ಲಿಂದ ಕ್ಲಚ್ ಬಿಟ್ಟು ಹಾರುತ್ತೀರಿ? ನಾನು ಬಲ ಕೇಳುವುದು ಹೈವೇಗೆ ಸೇರುವಾಗ, ಲಾರಿ ದಾಟುವಾಗ. ಮೂರನೇ ಗೇರಿನಲ್ಲಿ. ಆ ಗೇರಿನಲ್ಲಿ ಎಂಜಿನ್ ಟಾರ್ಕು (ತಿರುಗಿಸುವ ಬಲ) ಚಕ್ರಕ್ಕೆ ಐದೂವರೆ ಪಟ್ಟು ಆಗಿ ಮುಟ್ಟುತ್ತದೆ ಅಂತಿಟ್ಟುಕೊಳ್ಳಿ. 400 ನ್ಯೂಟನ್ ಮೀಟರ್ ಇದ್ದರೂ ಎಳೆತ 700 ಕೆಜಿಯ ಹತ್ತಿರ ಬಂದು ನಿಲ್ಲುತ್ತದೆ. ಟಯರು ಅದನ್ನು ತಾಳಿಕೊಳ್ಳುತ್ತದೆ. ಮೊದಲ ಎರಡು ಗೇರಿನಲ್ಲಿ ಬೂಸ್ಟ್ ತಗ್ಗಿಸಿ, ಮೂರರಿಂದ ಪೂರ್ತಿ ಬಿಡುವ ಹಾಗೆ ಕಂಟ್ರೋಲರ್ ಹಾಕಿಸಬಹುದು. ನಾನು ಹಾಗೇ ಮಾಡಿದ್ದೇನೆ. ಸ್ಟಿಯರಿಂಗ್ ಒದ್ದಾಟವೂ ಅರ್ಧಕ್ಕರ್ಧ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ.

ಗೆಳೆಯ ಟೈಪ್ ಆರ್, ಆರ್‌ಎಸ್3 ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಅವೆರಡನ್ನೂ ಜರ್ಮನಿಯ ನೂರ್‌ಬರ್ಗ್‌ರಿಂಗ್‌ಗೆ ತೆಗೆದುಕೊಂಡು ಹೋಗಿ ನೋಡಿ. ರೇಸ್ ಟ್ರ್ಯಾಕ್ ಅದು, 20.8 ಕಿ.ಮೀ. ಸುತ್ತು. 2021ರಲ್ಲಿ 400 ಪಿಎಸ್ ಆರ್‌ಎಸ್3 ತೆಗೆದುಕೊಂಡದ್ದು 7 ನಿಮಿಷ 40.7 ಸೆಕೆಂಡು. 2023ರಲ್ಲಿ 329 ಪಿಎಸ್ ಟೈಪ್ ಆರ್ ಅದೇ ಸುತ್ತನ್ನು 7 ನಿಮಿಷ 44.9 ಸೆಕೆಂಡಿನಲ್ಲಿ ಮುಗಿಸಿತು. 71 ಪಿಎಸ್ ಕಡಿಮೆ, ಎರಡು ಚಕ್ರ ಕಡಿಮೆ, ಬರೀ ನಾಲ್ಕು ಸೆಕೆಂಡು ವ್ಯತ್ಯಾಸ! 2024ರಲ್ಲಿ ಆಡಿ ಮತ್ತೆ ಬಂದು 7 ನಿಮಿಷ 33 ಸೆಕೆಂಡಿಗೆ ಇಳಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಮ್ಮೆ ಓಡಲು ಶುರುಮಾಡಿದ ಮೇಲೆ ಮುಂದಿನ ಚಕ್ರದ ಕಾರು ಎಷ್ಟು ಹತ್ತಿರ ಬರುತ್ತದೆ ಅಂತ ನೋಡಿ.

ರ‍್ಯಾಲಿಯ ಮಾತೂ ಬಂತು. 1999ರಲ್ಲಿ ಫಿಲಿಪ್ ಬುಗಾಲ್‌ಸ್ಕಿ ಕ್ಯಾಟಲೂನ್ಯಾ, ಕಾರ್ಸಿಕಾ ಎರಡು ವಿಶ್ವ ರ‍್ಯಾಲಿಗಳನ್ನು ಒಟ್ಟಾರೆಯಾಗಿ ಗೆದ್ದ. ಓಡಿಸಿದ್ದು ಮುಂದಿನ ಚಕ್ರದ ಸಿಟ್ರೊಯೆನ್ ಕ್ಸಾರಾ. ಟರ್ಬೊ ಕೂಡ ಇರಲಿಲ್ಲ. ನಾಲ್ಕೂ ಚಕ್ರದ ಟರ್ಬೊ ಕಾರುಗಳು ಹಿಂದೆ ಉಳಿದವು, ಯಾಕಂದ್ರೆ ಡಾಂಬರಿನ ಮೇಲೆ ಹಗುರವಾಗಿರುವುದಕ್ಕೆ ಅಷ್ಟು ಬೆಲೆ ಇದೆ. ಜಲ್ಲಿಯ ಮೇಲೆ, ಹಿಮದ ಮೇಲೆ ಗೆಳೆಯನೇ ಗೆಲ್ಲುತ್ತಾನೆ. ಅದರಲ್ಲಿ ವಾದ ಇಲ್ಲ.

ಅವನು ಬರೆಯದೇ ಬಿಟ್ಟದ್ದು ಮುರಿಯುವ ವಿಷಯ. ಟಯರು ಜಾರಿದಾಗ ಅದು ಫ್ಯೂಸಿನ ಹಾಗೆ ಕೆಲಸ ಮಾಡುತ್ತದೆ. ಹೆಚ್ಚಾದ ಬಲ ಅಲ್ಲೇ ಸುಟ್ಟುಹೋಗುತ್ತದೆ. ನಾಲ್ಕೂ ಟಯರು ನೆಲ ಕಚ್ಚಿ ಹಿಡಿದರೆ ಆ ಏಟು ಎಲ್ಲಿಗೆ ಹೋಗಬೇಕು? ಕ್ಲಚ್ಚಿಗೆ, ಗೇರಿನ ಹಲ್ಲಿಗೆ, ಮಧ್ಯದ ಡಿಫರೆನ್ಷಿಯಲ್ಲಿಗೆ, ಟ್ರಾನ್ಸ್‌ಫರ್ ಕೇಸಿಗೆ. ಬಲ ಏರಿಸಿದ ಜಿಎಸ್ಎಕ್ಸ್ ಇಟ್ಟವರಲ್ಲಿ ಬಹಳ ಜನ ಮಧ್ಯದ ಡಿಫರೆನ್ಷಿಯಲ್ ಬದಲಿಸಿದವರೇ. ಮೂವತ್ತು ವರ್ಷದ ಹಳೆಯ ಕಾರಿಗೆ ಆ ಭಾಗ ಹುಡುಕುವುದೇ ಒಂದು ಕೆಲಸ. ಒಂದು ಟಯರು ಹಾಳಾದರೆ ನಾಲ್ಕನ್ನೂ ಬದಲಿಸಬೇಕಾಗಬಹುದು, ಸವೆತ ಒಂದೇ ಸಮ ಇಲ್ಲದಿದ್ದರೆ ಮುಂದಿನ-ಹಿಂದಿನ ಚಕ್ರಗಳನ್ನು ಜೋಡಿಸುವ ಒಳಗಿನ ಕಪ್ಲಿಂಗ್ ಸದಾ ದುಡಿಯುತ್ತಾ ಬಿಸಿಯಾಗುತ್ತದೆ. ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗುವ ಹಾಗೂ ಇಲ್ಲ, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು.

ನನಗೂ ಒಮ್ಮೆ ಡ್ರೈವ್ ಶಾಫ್ಟ್ ಮುರಿದಿದೆ. ಟಯರು ಎಗರಿ ಎಗರಿ ಕುಣಿಯುತ್ತಿದ್ದಾಗ ನಾನು ಕಾಲು ತೆಗೆಯಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮನೆಯ ಅಂಗಳದಲ್ಲೇ ಹೊಸದು ಹಾಕಿಕೊಂಡೆ.

ಊರಿನ ಗೆಳೆಯರಿಗೂ ಒಂದು ಮಾತು. ಬೆಂಗಳೂರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರು ನಾಲ್ಕೂ ಚಕ್ರ ಇಲ್ಲವಲ್ಲ ಅಂತ ಕೊರಗುವುದನ್ನು ಕೇಳಿದ್ದೇನೆ. 2020ರಲ್ಲಿ ಭಾರತಕ್ಕೆ ಬಂದ 200 ಕಾರುಗಳೂ ಮುಂದಿನ ಚಕ್ರದವೇ, 245 ಪಿಎಸ್. ಕೊರಗಬೇಡಿ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಬಲ ಏರಿಸುವುದು) ಮಾಡಿಸುವ ಹಣದಲ್ಲಿ ಮೊದಲು ಒಳ್ಳೆಯ ಟಯರು ಹಾಕಿಸಿ. ಕಡಿಮೆ ಗೇರಿನಲ್ಲಿ ಟಾರ್ಕ್ ತಗ್ಗಿಸಿಕೊಡಿ ಅಂತ ಟ್ಯೂನರಿಗೆ ಹೇಳಿ. ಆಮೇಲೆ ಒಂದು ಬೆಳಗಿನ ಜಾವ ಖಾಲಿ ಹೈವೇಗೆ ಸೇರುವಾಗ ಮೂರನೇ ಗೇರಿನಲ್ಲಿ ಕಾಲಿಟ್ಟು ನೋಡಿ.

ನನ್ನ ಜಿಎಸ್-ಟಿಗೆ ಈ ಬೇಸಿಗೆಯಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುತ್ತಿದ್ದೇನೆ. ಬೂಸ್ಟ್ ಈಗಿರುವಷ್ಟೇ ಇರುತ್ತದೆ.